ಮನಸ್ಸಿನ ಚಿಂತೆ, ಮೈಯ ಕಾವಲು

ಚಾಮರಾಜನಗರದಿಂದ ಹಾಸನೂರಿನ ಮೇಲೆ ಈರೋಡು, ಕೊಯಮತ್ತೂರುಗಳಿಗೆ ವ್ಯಾಪಾರಕ್ಕೆ ಹೋಗಿಬರುವ ನಮ್ಮವರಿಗೆ ದಿಂಬಂ ಘಾಟಿ ಹೊಸತಲ್ಲ. ದಿಂಬಂನಿಂದ ಬಣ್ಣಾರಿಗೆ ಇಳಿಯಲು 27 ಕಡಿದಾದ ತಿರುವುಗಳು. ಸುತ್ತಲೂ ಆನೆ, ಹುಲಿಗಳ ಕಾಡು. ತಿರುವಿನಲ್ಲಿ ಎದುರಿಗೆ ಲಾರಿ ಬಂದರೆ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಕೆಳಗಿಳಿದು ಸ್ವಲ್ಪ ಹೊತ್ತಿಗೆ ಎಲ್ಲವೂ ಶಾಂತ.

ಇಂತಹ ಅಲ್ಪಕಾಲದ ಭಯ ಶರೀರಕ್ಕೆ ಕೇಡಲ್ಲ. ನರಗಳು ಅಪಾಯದ ಸುದ್ದಿ ಮುಟ್ಟಿಸಿದೊಡನೆ ಅಡ್ರಿನಲಿನ್ ಸ್ರವಿಸುತ್ತದೆ. ಬಿಳಿ ರಕ್ತಕಣಗಳು ಹೆಚ್ಚಿನ ಸಂಖ್ಯೆಯಲ್ಲಿ ರಕ್ತಕ್ಕೆ ಬಂದು ಸಿದ್ಧವಾಗುತ್ತವೆ. ಅಂದರೆ ರೋಗನಿರೋಧಕ ಶಕ್ತಿಯೂ ನರಮಂಡಲದ ಮಾತನ್ನು ಕೇಳುತ್ತದೆ.

ಇದಕ್ಕೆ ನಮ್ಮ ಬೆಂಗಳೂರಿನಲ್ಲೇ ಒಂದು ಸೊಗಸಾದ ನಿದರ್ಶನ ದೊರೆತಿದೆ. ಒಂದು ಮಿಲಿಮೀಟರ್ ಉದ್ದದ, ಕೇವಲ 302 ನರಕೋಶಗಳುಳ್ಳ ಒಂದು ಬಗೆಯ ಹುಳುವಿನ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ವರ್ಷಾ ಸಿಂಗ್ ಅವರ ತಂಡ ನಡೆಸಿದ ಸಂಶೋಧನೆ 2021ರಲ್ಲಿ ಪ್ರಕಟವಾಯಿತು. ರೋಗಕಾರಕ ಬ್ಯಾಕ್ಟೀರಿಯಾದಿಂದ ಹೊರಡುವ ಒಂದು ವಾಸನೆ ತಗುಲಿದರೆ ಸಾಕು, ಹುಳು ದೂರ ಸರಿಯುತ್ತದೆ. ಒಳಗೆ ರೋಗನಿರೋಧಕ ಸಿದ್ಧತೆಯೂ ಆರಂಭವಾಗುತ್ತದೆ. ಮುಂಚೆಯೇ ವಾಸನೆ ಹಿಡಿದ ಹುಳುಗಳು ಸೋಂಕು ತಗುಲಿದಾಗ ಹೆಚ್ಚು ಕಾಲ ಬದುಕಿದವು.

ಆದರೆ ಕಾವಲಿಗೂ ಒಂದು ಮಿತಿ ಬೇಕು. ರಕ್ಷಣೆಗೆ ಬೇಕಾದ ಪ್ರೋಟೀನುಗಳನ್ನು ಅವಸರದಲ್ಲಿ ತಯಾರಿಸುವಾಗ ಜೀವಕೋಶದ ಮೇಲೆ ಒತ್ತಡ ಬೀಳುತ್ತದೆ. ಸರಿಯಾಗಿ ಮಡಿಚಿಕೊಳ್ಳದ ಪ್ರೋಟೀನುಗಳು ಗುಡ್ಡೆಬೀಳುತ್ತವೆ. ವರ್ಷಾ ಸಿಂಗ್ ಅವರೂ ಭಾಗಿಯಾಗಿ 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಈ ಒತ್ತಡವನ್ನು ನಿಭಾಯಿಸುವ ಕೆಲವು ಜೀನುಗಳನ್ನೂ ರೋಗನಿರೋಧಕ ಶಕ್ತಿಯನ್ನೂ ಹುಳುವಿನ ನರಕೋಶಗಳೇ ಹಿಡಿತದಲ್ಲಿಡುತ್ತವೆ ಎಂದು ತೋರಿಸಿತು. ಅಂಗಡಿಯ ಕಾವಲಿನ ಖರ್ಚು ಸರಕಿನ ಬೆಲೆಯನ್ನು ಮೀರಬಾರದೆಂಬುದು ವ್ಯಾಪಾರಸ್ಥರಾದ ನಮಗೆ ಗೊತ್ತಿರುವುದೇ.

ಇನ್ನು ಮನುಷ್ಯರ ವಿಷಯ. ಘಾಟಿಯ ಭಯ ಗಂಟೆಯೊಳಗೆ ಮುಗಿಯುತ್ತದೆ. ಬಾಕಿ ವಸೂಲಿ, ಸಾಲದ ಕಂತು, ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರ ಆರೈಕೆ ಇವುಗಳ ಚಿಂತೆ ವರ್ಷಗಟ್ಟಲೆ ಉಳಿಯುತ್ತದೆ. ಆಗ ಕಾರ್ಟಿಸಾಲ್ ಮೊದಲಾದ ರಸಗಳ ಏರಿಳಿತ ತಪ್ಪಿ, ರೋಗನಿರೋಧಕ ವ್ಯವಸ್ಥೆಯ ಲೆಕ್ಕವೂ ತಪ್ಪುತ್ತದೆ. 1995ರಲ್ಲಿ ಅಮೆರಿಕದ ಒಹಾಯೋದಲ್ಲಿ, ಮರೆವಿನ ರೋಗದ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರನ್ನು ಅಂತಹ ಹೊಣೆಯಿಲ್ಲದ 13 ಮಹಿಳೆಯರೊಡನೆ ಹೋಲಿಸಿ ನೋಡಿದರು. ಅಷ್ಟೇ ಅಳತೆಯ ಚಿಕ್ಕ ಗಾಯ ಮಾಯಲು ಆರೈಕೆ ಮಾಡುವವರಿಗೆ ಸರಾಸರಿ 9 ದಿನ ಹೆಚ್ಚು ಬೇಕಾಯಿತು.

ನಮ್ಮ ಕೂಡು ಕುಟುಂಬಗಳಲ್ಲಿ ಈ ಹೊಣೆ ಸಾಮಾನ್ಯವಾಗಿ ಒಬ್ಬ ಸೊಸೆಯ ಇಲ್ಲವೇ ಮಗಳ ಹೆಗಲಿಗೆ ಬೀಳುವುದುಂಟು. ಆಕೆಗೆ ಮೇಲಿಂದ ಮೇಲೆ ನೆಗಡಿ, ಜ್ವರ ಬಂದರೆ "ಮೈ ನಾಜೂಕು" ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. ಆಕೆಯ ಕೆಲಸವನ್ನೂ ವಿಚಾರಿಸಬೇಕು. ರಾತ್ರಿಯ ಪಾಳಿಯನ್ನು ಗಂಡಸರೂ ಹಂಚಿಕೊಂಡರೆ ಆಕೆಗೆ ತುಂಬು ನಿದ್ದೆ ಸಿಕ್ಕೀತು. ಅಂಗಡಿಯ ಸಾಲದ ಲೆಕ್ಕವನ್ನು ಯಜಮಾನರೊಬ್ಬರೇ ಮನಸ್ಸಿನಲ್ಲಿಟ್ಟು ಕೊರಗುವ ಬದಲು ಅಣ್ಣತಮ್ಮಂದಿರು ಕೂಡಿ ನೋಡುವುದು ಲೇಸು.

ಇದು ಔಷಧಿಗೆ ಬದಲಿಯಲ್ಲ. ಆದರೆ ಭಾರ ಹಂಚಿದ ಮನೆಯಲ್ಲಿ ಔಷಧಿಗೂ ಕೆಲಸ ಸುಲಭ.