ಹೊಸ ಕಾರು ಹಿಡಿಸದಿದ್ದರೆ ವಾಪಸ್ ಕೊಡಬಹುದೇ?

ಹೋದ ವರ್ಷ ನಮ್ಮ ಮನೆಗೆ ಹೊಸ ಕಾರು ಬಂತು. ನಮ್ಮ ಖಾನ್‌ದಾನಿನಲ್ಲಿ ಅದೇ ಮೊದಲನೆಯದು. ಅಬ್ಬಾ ಜಾಲಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾರೆ. ದಾದಿಗೆ ಮೊಣಕಾಲು ನೋವು. ತಿಂಗಳಿಗೊಮ್ಮೆ ದೇವದುರ್ಗದ ಮೇಲೆ ರಾಯಚೂರಿಗೆ ಡಾಕ್ಟರ ಹತ್ತಿರ ಹೋಗಬೇಕು. ಬಸ್ಸಿನ ಮೆಟ್ಟಿಲು ಹತ್ತಲು ಅವರಿಗೆ ಆಗುವುದಿಲ್ಲವೆಂದೇ ಅಬ್ಬಾ ಬ್ಯಾಂಕಿನಲ್ಲಿ ಐದು ವರ್ಷದ ಸಾಲ ಮಾಡಿ ಕಾರು ತಂದರು.

ಮೊದಲ ಪ್ರಯಾಣದಲ್ಲೇ ತೊಂದರೆ ಗೊತ್ತಾಯಿತು. ಸೀಟು ಬಹಳ ತಗ್ಗು. ದಾದಿ ಕೂರುವಾಗ ಬಿದ್ದಂತೆ ಕೂತರು. ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗವಿರಲಿಲ್ಲ. ರಾಯಚೂರಿನಲ್ಲಿ ಇಳಿಸಲು ಇಬ್ಬರು ಹಿಡಿದು ಎತ್ತಬೇಕಾಯಿತು. ದಾದಿ ಒಂದೇ ಮಾತು ಹೇಳಿದರು: "ಇಸ್ಸೆ ತೋ ಬಸ್ ಇಚ್ ಅಚ್ಛಾ ಥಾ." ಇದಕ್ಕಿಂತ ಬಸ್ಸೇ ಚೆನ್ನಾಗಿತ್ತು ಎಂದು ಅರ್ಥ. ಅವತ್ತು ಅಬ್ಬಾ ರಾತ್ರಿ ಊಟ ಮಾಡಲಿಲ್ಲ.

ಕಾರು ಬಂದು ಒಂಬತ್ತು ದಿನವಾಗಿತ್ತು. ಅಬ್ಬಾ ಶೋರೂಮಿಗೆ ಹೋದರು, ನಾನೂ ಜೊತೆಗಿದ್ದೆ. ಅಲ್ಲಿಯವರು ಮರ್ಯಾದೆಯಿಂದಲೇ ಮಾತಾಡಿದರು. "ಸಾಹೇಬ್ರ, ಗಾಡಿಯೊಳಗ ಏನರ ಕೆಟ್ಟಿದ್ರ ನಾವು ಮಾಡಿ ಕೊಡ್ತೀವಿ. ಅಮ್ಮಗ ಕುಂದ್ರಾಕ ಆಗವಲ್ದು ಅಂದ್ರ ನಾವೇನು ಮಾಡಬೇಕು? ನಂಬರ್ ಬಿದ್ದದ, ಈಗ ಇದು ಸೆಕೆಂಡ್ ಹ್ಯಾಂಡ್ ಗಾಡಿ."

ನನಗೆ ಸಿಟ್ಟು ಬಂತು. ನಮ್ಮ ಅಂಗಡಿಯಲ್ಲಿ ಯಾರಾದರೂ ಒಡೆಯದ ಸಾಬೂನು ಪ್ಯಾಕು ತಂದರೆ ಅಬ್ಬಾ ವಾಪಸ್ ತೆಗೆದುಕೊಳ್ಳುತ್ತಾರೆ. ಅಕೌಂಟೆನ್ಸಿಯಲ್ಲಿ ನಾವು ಖರೀದಿ ವಾಪಸು, ಮಾರಾಟ ವಾಪಸು ಎಂದು ಪುಸ್ತಕವನ್ನೇ ಬರೆಯುತ್ತೇವೆ. ಹಾಗಾದರೆ ಕಾರಿಗೆ ಏಕೆ ಇಲ್ಲ? ವ್ಯವಹಾರ ಅಧ್ಯಯನದ ಗ್ರಾಹಕ ಸಂರಕ್ಷಣೆ ಪಾಠ ತೆಗೆದು ಓದಿದೆ. ನಮ್ಮ ಉಪನ್ಯಾಸಕರನ್ನೂ ಕೇಳಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು, ಕಾನೂನಿನಲ್ಲಿ 'ದೋಷ' ಬೇರೆ, 'ಹಿಡಿಸಲಿಲ್ಲ' ಬೇರೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಬಂದದ್ದು 2020ರ ಜುಲೈ 20ರಿಂದ ಜಾರಿಗೆ. ಅದರ ಪ್ರಕಾರ ದೋಷ ಎಂದರೆ ಕಾನೂನಿನಲ್ಲಿ, ಒಪ್ಪಂದದಲ್ಲಿ ಅಥವಾ ಮಾರುವವನ ಮಾತಿನಲ್ಲಿ ಇರಬೇಕಾದ ಗುಣಮಟ್ಟ ವಸ್ತುವಿನಲ್ಲಿ ಇಲ್ಲದಿರುವುದು. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಆದರೆ ನಮ್ಮ ಕಾರಿನ ಸೀಟು ಮುರಿದಿರಲಿಲ್ಲ. ಕಂಪನಿ ಎಲ್ಲರಿಗೂ ಅದೇ ಎತ್ತರದ ಸೀಟು ಕೊಟ್ಟಿದೆ. ಅದು ದಾದಿಗೆ ಆಗಲಿಲ್ಲ, ಅಷ್ಟೇ.

ಎರಡನೆಯದು, ದೋಷವಿದ್ದರೂ ಇಡೀ ಕಾರು ಬದಲಾಗುತ್ತದೆ ಎಂದಿಲ್ಲ. ಮಾರುತಿ ಉದ್ಯೋಗ್ ಕಂಪನಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದು ಇದೇ: ವಾರಂಟಿಯಲ್ಲಿರುವುದು ಕೆಟ್ಟ ಭಾಗವನ್ನು ಸರಿಮಾಡುವ ಅಥವಾ ಬದಲಿಸುವ ಹೊಣೆ, ಅದಕ್ಕಾಗಿ ಇಡೀ ಕಾರು ಕೊಡಿ ಎನ್ನಲಾಗದು. ಆದರೆ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದ ಹ್ಯುಂಡೈ ಕಾರಿನ ಪ್ರಕರಣದಲ್ಲಿ 2022ರಲ್ಲಿ ಅದೇ ಕೋರ್ಟ್ ಕಾರು ಬದಲಿಸಿ ಕೊಡುವ ಆದೇಶವನ್ನು ಎತ್ತಿಹಿಡಿಯಿತು. ಅಂದರೆ ದೋಷ ಎಷ್ಟು ದೊಡ್ಡದು ಎಂಬುದರ ಮೇಲೆ ಪರಿಹಾರ. ಬ್ರಿಟನ್ನಿನಲ್ಲಿ 2015ರ ಕಾಯ್ದೆಯಂತೆ 30 ದಿನದೊಳಗೆ ಕಾರನ್ನು ತಿರಸ್ಕರಿಸಬಹುದು, ಆದರೆ ಅಲ್ಲಿಯೂ ದೋಷವಿರಬೇಕು.

ಮೂರನೆಯದು ಲೆಕ್ಕ. ಕೆಎ-36 ನಂಬರ್ ಬೀಳುವ ಮೊದಲೇ ಆಜೀವ ತೆರಿಗೆ ಕಟ್ಟಿರುತ್ತೇವೆ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಅದು ಶೇಕಡಾ 14, ಅದರ ಮೇಲೆ ಸೆಸ್. ವಿಮೆಯ ಲೆಕ್ಕದಲ್ಲಿ ಕಾರಿನ ಬೆಲೆ ಮೊದಲ ಆರು ತಿಂಗಳಿಗೇ ಶೇಕಡಾ 5, ಆರು ತಿಂಗಳು ದಾಟಿದರೆ ಶೇಕಡಾ 15 ಇಳಿಯುತ್ತದೆ. 7 ಲಕ್ಷದ ಕಾರು ವರ್ಷ ತುಂಬುವುದರೊಳಗೆ 5 ಲಕ್ಷ 95 ಸಾವಿರ. ತರಗತಿಯಲ್ಲಿ ಸವಕಳಿ ಎಂದು ಬರೆಯುವುದು ನಮ್ಮ ಬಾಗಿಲಲ್ಲೇ ನಿಂತಿತ್ತು. ಸಾಬೂನು ವಾಪಸ್ ಬಂದರೆ ಮತ್ತೆ ಅದೇ ಬೆಲೆಗೆ ಮಾರಬಹುದು, ನಂಬರ್ ಬಿದ್ದ ಕಾರನ್ನು ಆಗದು. ಶೋರೂಮಿನವರ ಮಾತು ನನಗೆ ಆಗ ಅರ್ಥವಾಯಿತು.

ಹಾಗಾದರೆ ಕೊಳ್ಳುವವನಿಗೆ ದಾರಿ ಇಲ್ಲವೇ? ಇದೆ, ಆದರೆ ಅದು ಕೊಳ್ಳುವ ಮೊದಲು. ಸರಕು ಮಾರಾಟ ಕಾಯ್ದೆ 1930ರ ಪ್ರಕಾರ ವಸ್ತುವನ್ನು ಪರೀಕ್ಷಿಸಿ ನೋಡುವ ಅವಕಾಶ ಕೇಳುವುದು ಕೊಳ್ಳುವವನ ಹಕ್ಕು. ಇಂಥ ಕೆಲಸಕ್ಕೆ ಬೇಕು ಎಂದು ಮೊದಲೇ ತಿಳಿಸಿ, ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡರೆ, ಅದು ಆ ಕೆಲಸಕ್ಕೆ ತಕ್ಕದ್ದಾಗಿರಬೇಕು. ಆದರೆ ಬ್ರ್ಯಾಂಡಿನ ಹೆಸರು ಹೇಳಿ "ಅದೇ ಕೊಡಿ" ಎಂದು ಕೊಂಡರೆ ಈ ರಕ್ಷಣೆ ಸಿಗುವುದಿಲ್ಲ. ಅಬ್ಬಾ ಮಾಡಿದ್ದು ಹಾಗೆಯೇ. ಮೈಲೇಜು ಕೇಳಿದರು, ಬೆಲೆ ಕೇಳಿದರು, ಐದು ನಿಮಿಷ ತಾವೊಬ್ಬರೇ ಓಡಿಸಿ ನೋಡಿದರು. ದಾದಿ ಮನೆಯಲ್ಲಿದ್ದರು.

ನಮ್ಮ ದೀನೀ ಕಿತಾಬುಗಳಲ್ಲೂ ಈ ವಿಷಯವಿದೆ ಎಂದು ಮಾಮು ಹೇಳಿದರು. ಅದಕ್ಕೆ 'ಖಿಯಾರ್' ಎನ್ನುತ್ತಾರೆ, ಅಂದರೆ ವ್ಯವಹಾರ ಉಳಿಸುವ ಅಥವಾ ಮುರಿಯುವ ಆಯ್ಕೆ. ಮಾಲಿನಲ್ಲಿ ಐಬಿದ್ದರೆ ವಾಪಸ್ ಕೊಡುವ ಆಯ್ಕೆ ಇದ್ದೇ ಇದೆ. ಐಬಿಲ್ಲದಿದ್ದರೂ ವಾಪಸ್ ಕೊಡಬೇಕೆಂದರೆ ವ್ಯವಹಾರದ ಹೊತ್ತಿಗೇ ಶರ್ತು ಹಾಕಬೇಕು. ಇಮಾಮ್ ಅಬೂ ಹನೀಫಾ ಅವರ ಪ್ರಕಾರ ಆ ಶರ್ತಿನ ಅವಧಿ ಮೂರು ದಿನ. ಅಲ್ಲಿಯೂ ಇಲ್ಲಿಯೂ ಮಾತು ಒಂದೇ: ಮೊದಲೇ ಹೇಳಬೇಕು.

ಕಾರಿನಲ್ಲಿ ನಿಜವಾದ ದೋಷವೇ ಇದ್ದರೆ ಸುಮ್ಮನಿರಬೇಡಿ. ಶೋರೂಮಿಗೆ ಬರಹದಲ್ಲಿ ಕೊಡಿ, ಜಾಬ್ ಕಾರ್ಡ್ ಇಟ್ಟುಕೊಳ್ಳಿ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ಕೊಡಬಹುದು. ಕಾರು ಎಲ್ಲಿ ಕೊಂಡಿದ್ದರೂ ನಿಮ್ಮ ಜಿಲ್ಲೆಯಲ್ಲೇ ದೂರು ಹಾಕಬಹುದು. 5 ಲಕ್ಷದವರೆಗೆ ಶುಲ್ಕವಿಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ.

ನಮ್ಮ ಕಾರು ವಾಪಸ್ ಹೋಗಲಿಲ್ಲ. ದಾದಿಯನ್ನು ಮುಂದಿನ ಸೀಟಿನಲ್ಲಿ, ದಪ್ಪ ದಿಂಬು ಹಾಕಿ ಕೂರಿಸುತ್ತೇವೆ. ದೇವದುರ್ಗದಲ್ಲಿ ಒಮ್ಮೆ ನಿಲ್ಲಿಸಿ ಇಳಿಸುತ್ತೇವೆ. ನೋವು ಕಡಿಮೆಯಾಗಿದೆ, ಹೋಗಿಲ್ಲ. ಸಾಲದ ಕಂತು ಇನ್ನೂ ನಾಲ್ಕು ವರ್ಷ ಇದೆ.

ಈ ವರ್ಷ ಮಾಮು ಕಾರು ಕೊಳ್ಳಲು ಹೊರಟಾಗ ಅಬ್ಬಾ ಒಂದೇ ಸಲಹೆ ಕೊಟ್ಟರು: "ನಾನಿಯನ್ನು ಕರೆದುಕೊಂಡು ಹೋಗು." ನಾನಿ ಶೋರೂಮಿನಲ್ಲಿ ಮೂರು ಕಾರುಗಳಲ್ಲಿ ಕೂತು ಎದ್ದರು. ಎರಡನ್ನು ಬೇಡವೆಂದರು. ಮೂರನೆಯದರಲ್ಲಿ ಅರ್ಧ ತಾಸು ಓಡಾಡಿ, ಯಾರ ಕೈಯನ್ನೂ ಹಿಡಿಯದೆ ಇಳಿದರು. ಮಾಮು ಆಮೇಲೆ ಬೆಲೆ ಕೇಳಿದರು.

ನಿಮ್ಮ ಮನೆಯಲ್ಲೂ ಗಾಡಿ ಕೊಳ್ಳುವ ಮಾತು ನಡೆದಿದ್ದರೆ, ಅದರಲ್ಲಿ ಕೂರುವವರನ್ನು ಮೊದಲು ಕೂರಿಸಿ ನೋಡಿ. ಸಹಿ ಆಮೇಲೆ ಹಾಕಿ.