ಅಪ್ಪನ ಯೆಜ್ಡಿಯಲ್ಲಿ ಅತ್ತೂರಿಗೆ

ಮೂಡಲಪಾಳ್ಯದ ಕಿರಿದಾದ ಅಡ್ಡರಸ್ತೆಯೊಂದರ ಮನೆಯಲ್ಲಿ, ಮಹಡಿ ಮೆಟ್ಟಿಲಿನ ಕೆಳಗೆ, ನೀಲಿ ಟಾರ್ಪಾಲಿನ ಮುಸುಕಿನೊಳಗೆ ಮೂರು ವರ್ಷ ಅಲುಗಾಡದೆ ನಿಂತಿದ್ದ ಮೋಟಾರ್ ಸೈಕಲ್ಲೊಂದರ ಸಂಗತಿಯನ್ನು ಇಂದು ಓದುಗರ ಮುಂದಿಡುತ್ತಿದ್ದೇನೆ. ಅದು 1988ರ ಯೆಜ್ಡಿ ರೋಡ್‌ಕಿಂಗ್. ಅದರ ಒಡೆಯರು ರಾಜಾಜಿನಗರ ಕೈಗಾರಿಕಾ ವಸಾಹತಿನ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿ ದುಡಿದವರು. ಪ್ರತಿ ಜನವರಿಯಲ್ಲೂ ಮಡದಿಯನ್ನು ಹಿಂದೆಯೂ ಮಗನನ್ನು ಪೆಟ್ರೋಲ್ ಟ್ಯಾಂಕಿನ ಮೇಲೆಯೂ ಕೂರಿಸಿಕೊಂಡು, ಕಾರ್ಕಳದ ಅತ್ತೂರಿನಲ್ಲಿ ನಡೆಯುವ ಸಂತ ಲಾರೆನ್ಸರ ಜಾತ್ರೆಗೆ ಹೋಗಿಬರುತ್ತಿದ್ದರು. ಹಾಗೆ ಮೂವರು ಕುಳಿತು ಹೋಗಬಾರದಿತ್ತು, ನಿಜ. 2021ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಆ ತಿಂಗಳು ನಮ್ಮ ನಗರ ಹೇಗಿತ್ತೆಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ಮಗನಿಗೆ ಈಗ ಇಪ್ಪತ್ತನಾಲ್ಕರ ಹರೆಯ. ಅವನು ಟಾರ್ಪಾಲು ತೆಗೆದ ದಿನವೇ ತಾಯಿ ನನ್ನಲ್ಲಿಗೆ ಬಂದರು.

"ಸ್ವಾಮಿ, ನೀವಾದ್ರೂ ಬುದ್ಧಿ ಹೇಳಿ. ಆ ಹಳೇ ಗಾಡೀಲಿ ಘಟ್ಟ ಇಳಿದು ಅತ್ತೂರಿಗೆ ಹೋಗ್ತಾನಂತೆ. ಅದೂ ಒಬ್ಬನೇ."

ಬುದ್ಧಿ ಹೇಳುವುದು ನನ್ನ ವೃತ್ತಿಯೇ ಆದರೂ, ಗಾಡಿಯನ್ನು ನೋಡದೆ ಏನೂ ಹೇಳಲಾರೆನೆಂದೆ. ಸಹಾಯಕ ಗುರುವಾಗಿದ್ದ ದಿನಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ನಾನೂ ಒಂದು ಯೆಜ್ಡಿಯನ್ನು ಓಡಿಸಿದ್ದೆನೆಂಬ ಗುಟ್ಟನ್ನು ಆ ತಾಯಿಗೆ ಹೇಳಲಿಲ್ಲ.

ಈ ಬಂಡಿಯ ಪೂರ್ವೋತ್ತರ ಇಂದಿನ ಯುವಕರಿಗೆ ತಿಳಿದಿರಲಾರದು. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡಾಗ, ಎರಡೂ ಹೆಸರುಗಳ ಮೊದಲ ಅಕ್ಷರಗಳು ಕೂಡಿ 'ಜಾವಾ' ಎಂಬ ಹೆಸರು ಹುಟ್ಟಿತು. ಪಾರ್ಸಿ ಸಮುದಾಯದ ಇರಾನಿ ಕುಟುಂಬದವರು ಐಡಿಯಲ್ ಜಾವಾ ಎಂಬ ಸಂಸ್ಥೆಯನ್ನು ಸ್ಥಾಪಿಸಿ, 1961ರಲ್ಲಿ ಮೈಸೂರಿನಲ್ಲಿ ಇದರ ತಯಾರಿಕೆಯನ್ನು ಆರಂಭಿಸಿದರು. 1970ರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಮೈಸೂರಿನ ಆ ಕಾರ್ಖಾನೆ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ, ಬೇರೊಂದು ಸಂಸ್ಥೆಯಿಂದ ಮರಳಿ ಬಂದಿವೆಯಾದರೂ ಅವು ಹೊಸ ಎಂಜಿನ್ನಿನ ಹೊಸ ಬಂಡಿಗಳು. ಹಳೆಯದರ ಮೇಲಿನ ಮಮತೆಯಂತೂ ಬತ್ತಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರಿನಲ್ಲಿ ಜಾವಾ-ಯೆಜ್ಡಿ ದಿನವೆಂದು ನೂರಾರು ಬಂಡಿಗಳು ಸೇರುತ್ತವೆ. ಭಾನುವಾರವಾದ ಕಾರಣ ನನಗೆ ನೋಡುವ ಭಾಗ್ಯವಿಲ್ಲ.

ಯುವಕ ಕೆಲಸವನ್ನೇನೋ ಶ್ರದ್ಧೆಯಿಂದಲೇ ಮಾಡಿದ್ದ. ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಜಾಲಾಡಿ ಬಿಡಿಭಾಗಗಳನ್ನು ತಂದಿದ್ದ. ಟೈರುಗಳು ಹೊಸವು. ಪೆಟ್ರೋಲ್ ಕೊಳವೆಯೂ ಹೊಸದು. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುವುದರಿಂದ ಹಳೆಯ ಕಾಲದ ರಬ್ಬರು ಬೇಗನೆ ಮೆತ್ತಗಾಗಿ ಬಿರಿಯುತ್ತದೆ. ಎಥನಾಲ್ ನೀರನ್ನು ಹೀರುವ ಗುಣದ್ದಾದುದರಿಂದ ಇಂಥ ಬಂಡಿಯ ಟ್ಯಾಂಕು ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸುವುದೂ ತರವಲ್ಲ. ಬ್ರೇಕ್ ಶೂ, ಕ್ಲಚ್ ತಂತಿ, ಚೈನು, ಎಲ್ಲವೂ ಬದಲಾಗಿದ್ದವು. ನೋಂದಣಿಯ ಗಡುವು ಮುಗಿದಿದ್ದುದರಿಂದ ತಂದೆಯ ಹೆಸರಿನಿಂದ ತನ್ನ ಹೆಸರಿಗೆ ವರ್ಗಾಯಿಸಿ, ನವೀಕರಣವನ್ನೂ ಮಾಡಿಸಿದ್ದ. ಹದಿನೈದು ವರ್ಷ ದಾಟಿದ ಖಾಸಗಿ ವಾಹನವನ್ನು ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಪ್ಪಿಸಬೇಕೆಂಬುದು ಕಾನೂನು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ನಮಗೆ ಥೀಸಿಯಸನ ಹಡಗಿನ ಸಮಸ್ಯೆಯನ್ನು ಹೇಳಿಕೊಡುತ್ತಿದ್ದರು. ಅಥೆನ್ಸಿನ ಜನ ತಮ್ಮ ವೀರನ ಹಡಗನ್ನು ಕಾಪಾಡಲೆಂದು ಕೊಳೆತ ಹಲಗೆಯನ್ನು ತೆಗೆದು ಹೊಸ ಹಲಗೆ ಜೋಡಿಸುತ್ತ ಬಂದರಂತೆ. ಹಾಗಾದರೆ ಉಳಿದದ್ದು ಅದೇ ಹಡಗೋ, ಬೇರೆಯದೋ? ಪ್ಲೂಟಾರ್ಕನು ಈ ವಿವಾದವನ್ನು ಬರೆದಿಟ್ಟು ಎರಡು ಸಾವಿರ ವರ್ಷಗಳೇ ಸಮೀಪಿಸಿದರೂ ತೀರ್ಪು ಬಂದಿಲ್ಲ. ನಮ್ಮ ಸಾರಿಗೆ ಇಲಾಖೆಗೆ ಮಾತ್ರ ಇದರಲ್ಲಿ ಗೊಂದಲವಿಲ್ಲ. ಚಾಸಿಯ ಮೇಲೆ ಕೊರೆದ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿದಾಗ ಅಂಕಿಗಳು ಮೂಡಿ, ದಾಖಲೆಗೆ ತಾಳೆಯಾದರೆ ಅದು ಅದೇ ಬಂಡಿ. ನಾನು ಈ ಮಾತು ಹೇಳಿದಾಗ ಯುವಕ ನಗಲಿಲ್ಲ.

ನಗದಿದ್ದುದಕ್ಕೆ ಕಾರಣ ಆಮೇಲೆ ತಿಳಿಯಿತು. ಮುಂದಿನ ಬ್ರೇಕಿನ ತಂತಿಯೊಂದನ್ನು ಮಾತ್ರ ಅವನು ಬದಲಿಸಿರಲಿಲ್ಲ. ಅದರ ಹೊರಕವಚ ಒಡೆದಿದ್ದ ಕಡೆ ಯಾರೋ ತಾಮ್ರದ ತಂತಿಯನ್ನು ಬಲು ಅಚ್ಚುಕಟ್ಟಾಗಿ, ಒಂದು ಸುತ್ತಿಗೆ ಇನ್ನೊಂದು ತಾಗುವಂತೆ ಸುತ್ತಿ, ಮೇಲೆ ಕರಿ ಟೇಪು ಬಿಗಿದಿದ್ದರು. ಟರ್ನರನ ಕೈಕೆಲಸವೆಂದು ನೋಡಿದೊಡನೆ ತಿಳಿಯುತ್ತಿತ್ತು. ಹಿಡಿಕೆಯನ್ನು ಒತ್ತಿ ನೋಡಿದೆ. ಹಿಡಿಕೆಗೆ ಸೇರುವ ತುದಿಯಲ್ಲಿ ಒಳಗಿನ ಎರಡು ಎಳೆಗಳು ಕಡಿದು ಮುಳ್ಳಿನಂತೆ ಎದ್ದಿದ್ದವು.

"ಅದೊಂದು ಇರ್ಲಿ ಫಾದರ್. ಅಪ್ಪ ಕೊನೇ ಸಲ ಕೈಯಾರೆ ಮಾಡಿದ್ದು."

ಬ್ರೇಕು ಹಿಡಿದಾಗ ಬಂಡಿಯ ಭಾರವೆಲ್ಲ ಮುಂದಿನ ಚಕ್ರಕ್ಕೆ ವಾಲುತ್ತದೆ; ಇಳಿಜಾರಿನಲ್ಲಿ ನಿಲ್ಲಿಸುವ ಶಕ್ತಿಯ ಬಹುಪಾಲು ಅಲ್ಲಿಯೇ ಇರುವುದು. ಇದನ್ನೆಲ್ಲ ನಾನು ವಿವರಿಸಿದೆ. ಅವನು ತಲೆಯಾಡಿಸಿದ, ಒಪ್ಪಲಿಲ್ಲ. ಮೃತರ ವಸ್ತುವನ್ನು ಹಿಡಿದುಕೊಂಡವರ ಮುಂದೆ ತರ್ಕಕ್ಕೆ ಎಷ್ಟು ಬಲವಿದೆಯೆಂಬುದನ್ನು ಮೂವತ್ತು ವರ್ಷಗಳಿಂದ ಬಲ್ಲೆ. ಅಷ್ಟರಲ್ಲಿ ಕಾಫಿ ತಂದ ತಾಯಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಲೋಟಗಳನ್ನು ಮೆಟ್ಟಿಲ ಮೇಲಿಟ್ಟು ಬಂದು ಆ ತಂತಿಯನ್ನು ಬೆರಳಿನಿಂದ ಸವರಿದರು.

"ಇದು ಊರೊಳಗೆ ಓಡಾಡೋಕೆ ಅಂತ ಸುತ್ತಿದ್ದು ಕಣೋ. ಅವರಿದ್ದಿದ್ರೆ ಘಟ್ಟಕ್ಕೆ ಹೊರಡೋ ಮುಂಚೆ ಇದನ್ನ ಬಿಸಾಕಿರೋರು. ಪ್ರತಿ ವರ್ಷ ಹೊಸದು ಹಾಕ್ಸೋರು, ನಂಗೊತ್ತಿಲ್ವಾ?"

ಮರುದಿನ ಹೊಸ ತಂತಿ ಬಂತು. ಹಳೆಯದು ಈಗ ಅವರ ಮನೆಯ ಗೋಡೆಯಲ್ಲಿ, ತಂದೆಯ ಭಾವಚಿತ್ರದ ಮೊಳೆಗೆ, ಸುರುಳಿಯಾಗಿ ತೂಗುತ್ತಿದೆ. ತಾಯಿ ಅನುಮತಿಯನ್ನೂ ಕೊಟ್ಟರು, ಆದರೆ ಒಂದು ಷರತ್ತು: ಒಬ್ಬನೇ ಹೋಗಕೂಡದು. ಜೊತೆಗೆ ಹೋಗುವವರು ಯಾರೆಂಬ ಮಾತು ಬಂದಾಗ ತಾಯಿ ಮಗ ಇಬ್ಬರೂ ನನ್ನತ್ತ ನೋಡಿದರು. ಐವತ್ತು ದಾಟಿದ ಸೊಂಟದ ವಿಚಾರವನ್ನು ಇಬ್ಬರೂ ಪರಿಗಣಿಸಲಿಲ್ಲ.

ಜಾತ್ರೆಯ ನೂಕುನುಗ್ಗಲಿಗೆ ಮುನ್ನವೇ, ಜನವರಿಯ ಎರಡನೆಯ ವಾರದ ಒಂದು ಮುಂಜಾನೆ ಐದಕ್ಕೆ, ಇಬ್ಬರೂ ಹೆಲ್ಮೆಟ್ ಧರಿಸಿ ಮೂಡಲಪಾಳ್ಯ ವೃತ್ತವನ್ನು ದಾಟಿದೆವು. ಅತ್ತೂರಿಗೆ ಸುಮಾರು 350 ಕಿಲೋಮೀಟರ್. ನೆಲಮಂಗಲದಿಂದ ಹಾಸನದವರೆಗೆ ಈಗ ಹೆದ್ದಾರಿ ನುಣುಪಾಗಿದೆ, ಆದರೆ ಅಲ್ಲಿ ಹಳೆಯ ಬಂಡಿಗೆ ಕಷ್ಟವೇ. ಕಾರುಗಳು ನೂರರ ವೇಗದಲ್ಲಿ ಸುಯ್ಯೆಂದು ಹಾಯುವಾಗ ನಮ್ಮದು ಐವತ್ತೈದರಲ್ಲಿ ಎಡಕ್ಕೆ ಅಂಟಿಕೊಂಡು ಸಾಗಬೇಕು. ಗಂಟೆಗೊಮ್ಮೆ ನಿಲ್ಲಿಸಿ ಎಂಜಿನ್ ತಣಿಸಬೇಕು.

ಇದು ಟೂ ಸ್ಟ್ರೋಕ್ ಎಂಜಿನ್. ಇದರ ಒಳಭಾಗಗಳಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. ಲೀಟರಿಗೆ 40 ಮಿಲಿಲೀಟರ್ ಎಂಬುದು ನಮ್ಮ ಮೆಕ್ಯಾನಿಕನ ಲೆಕ್ಕ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿನ ಮೂತಿಗೆ ಮಸಿ ಕಟ್ಟುತ್ತದೆ. ಭಯದಿಂದ ನಾವು ಧಾರಾಳವಾಗಿಯೇ ಸುರಿದಿದ್ದೆವು. ಕುಣಿಗಲ್ ದಾಟಿದ ಮೇಲೊಮ್ಮೆ, ಚನ್ನರಾಯಪಟ್ಟಣದ ಬಳಿ ಇನ್ನೊಮ್ಮೆ ಬಂಡಿ ನಿಂತಿತು. ಪ್ಲಗ್ ಬಿಚ್ಚಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಮತ್ತೆ ಕೂರಿಸಿದ್ದಾಯಿತು. ಯೆಜ್ಡಿಯಲ್ಲಿ ಕಿಕ್ಕರಿಗೂ ಗೇರಿಗೂ ಒಂದೇ ಸನ್ನೆ. ಒಳಕ್ಕೆ ಒತ್ತಿ ಮೇಲಕ್ಕೆ ತಿರುವಿ ಒದೆಯಬೇಕು, ಎಂಜಿನ್ ಹತ್ತಿದ ಮೇಲೆ ಅದೇ ಮುಂದಕ್ಕೆ ಮರಳಿ ಗೇರಾಗುತ್ತದೆ. ಎರಡನೆಯ ಸಲ ಒದೆಯುವ ಸರದಿ ನನ್ನದಾಯಿತು. ಕಾಲಿಗೆ ಹಳೆಯ ಪಾಠ ಮರೆತಿರಲಿಲ್ಲ.

ಹಾಸನ, ಬೇಲೂರು ದಾಟಿ ಮೂಡಿಗೆರೆ ಸೇರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಚಾರ್ಮಾಡಿ ಘಟ್ಟ ಇನ್ನು ಹತ್ತಿರವೇ, ರಾತ್ರಿಯೇ ಇಳಿದುಬಿಡೋಣವೆಂದು ಯುವಕನ ಹಟ. ನಾನು ವಾದಿಸಲಿಲ್ಲ. ದೀಪ ಹಾಕಿ, ಎಂಜಿನ್ನನ್ನು ಇಳಿಜಾರಿನಲ್ಲಿರುವಂತೆ ನಿಧಾನಗತಿಗೆ ಇಳಿಸಲು ಹೇಳಿದೆ. ದೀಪ ಮಂಕಾಗಿ ಎದುರಿನ ಬೇಲಿಯೂ ಕಾಣದಾಯಿತು. ಅವನೇ ಬಂಡಿಯನ್ನು ಪರಿಚಿತರೊಬ್ಬರ ಮನೆಯತ್ತ ತಿರುಗಿಸಿದ.

ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮಂಜು ಕರಗುವವರೆಗೆ ಕಾದು ಇಳಿಯತೊಡಗಿದೆವು. ಇಂಥ ಬಂಡಿಯಲ್ಲಿ ಘಟ್ಟ ಹತ್ತುವುದಕ್ಕಿಂತ ಇಳಿಯುವುದೇ ಕಠಿಣ. ಟೂ ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ಬಂಡಿಯನ್ನು ಹೆಚ್ಚಾಗಿ ತಡೆಹಿಡಿಯದು. ಭಾರವೆಲ್ಲ ಬ್ರೇಕಿನ ಮೇಲೆಯೇ. ಅದೂ ಡ್ರಮ್ ಬ್ರೇಕು, ಬಿಸಿಯೇರಿದಂತೆಲ್ಲ ಹಿಡಿತ ಸಡಿಲ. ಇನ್ನೊಂದು ಸೂಕ್ಷ್ಮವಿದೆ: ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಮೈಲುಗಟ್ಟಲೆ ಇಳಿದರೆ ಪೆಟ್ರೋಲಿನೊಡನೆ ಎಣ್ಣೆಯೂ ನಿಂತು, ತಿರುಗುತ್ತಲೇ ಇರುವ ಎಂಜಿನ್ ಒಣಗುತ್ತದೆ. ಆದುದರಿಂದ ಎರಡನೆಯ ಗೇರಿನಲ್ಲಿ, ಆಗಾಗ ಕ್ಲಚ್ ಹಿಡಿದು ಒಂದಿಷ್ಟು ಆಕ್ಸಿಲರೇಟರ್ ಕೊಡುತ್ತ, ಬ್ರೇಕನ್ನು ಸತತವಾಗಿ ಒತ್ತದೆ ಹಿಡಿದು ಬಿಟ್ಟು ಇಳಿಯಬೇಕು. ಹಿಂದೆ ಕುಳಿತ ನಾನು ಮೊದಲ ಕೆಲವು ತಿರುವುಗಳಲ್ಲಿ ಜಪಸರವನ್ನು ಹುಡುಕಿದೆನೆಂದು ಒಪ್ಪಿಕೊಳ್ಳುತ್ತೇನೆ.

ಒಂದು ತಿರುವಿನಲ್ಲಿ ಎದುರಿಗೆ ಬಸ್ಸೊಂದು ರಸ್ತೆಯ ಮುಕ್ಕಾಲು ಪಾಲನ್ನು ತುಂಬಿಕೊಂಡು ಬಂದಿತು. ಯುವಕ ಮುಂದಿನ ಬ್ರೇಕನ್ನು ಒತ್ತಿದ. ಬಂಡಿ ತಗ್ಗುಗೋಡೆಯಿಂದ ಒಂದು ಮೊಳದ ಅಂತರದಲ್ಲಿ ನಿಂತಿತು. ಬಸ್ಸು ಹೋಯಿತು. ಅವನು ಕೈಯನ್ನು ಹಿಡಿಕೆಯಿಂದ ತೆಗೆಯದೆ, ಹೊಸ ತಂತಿಯನ್ನೇ ನೋಡುತ್ತ ಸ್ವಲ್ಪ ಹೊತ್ತು ಕುಳಿತಿದ್ದ. ಇಬ್ಬರೂ ಏನನ್ನೂ ಮಾತನಾಡಲಿಲ್ಲ. ಮುಂದೆ ಅಣ್ಣಪ್ಪನ ಗುಡಿಯ ಬಳಿ ವಾಹನದವರು ನಿಂತು ಕೈಮುಗಿಯುವೆಡೆ ನಾವೂ ನಿಂತು ಡ್ರಮ್ಮುಗಳನ್ನು ಆರಲು ಬಿಟ್ಟೆವು. ಕಾದ ಡ್ರಮ್ಮಿಗೆ ನೀರು ಎರಚಬಾರದು, ಕಾಯಬೇಕು, ಅಷ್ಟೆ.

ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆಯ ಮಾರ್ಗವಾಗಿ ಮಧ್ಯಾಹ್ನದ ಹೊತ್ತಿಗೆ ಅತ್ತೂರು ತಲುಪಿದೆವು. 2016ರಲ್ಲಿ ಬಸಿಲಿಕವೆಂಬ ಮನ್ನಣೆ ಪಡೆದ ಆ ದೇವಾಲಯದ ಅಂಗಳದಲ್ಲಿ ಜಾತ್ರೆಗೆಂದು ಚಪ್ಪರದ ಕಂಬಗಳು ಆಗಲೇ ಏಳುತ್ತಿದ್ದವು. (ಮರಳುವಾಗ ಯುವಕನಿಗೆ ಕಾರ್ಕಳದ ಗೆಳೆಯನೊಬ್ಬ ಜೊತೆಯಾದ, ನಾನು ಬಸ್ಸು ಹತ್ತಿದೆ. ಷರತ್ತು ಮುರಿಯಲಿಲ್ಲ, ನನ್ನ ಬೆನ್ನೂ ಉಳಿಯಿತು.) ಒಳಗೆ ಹೋಗಿ ಮೇಣದ ಬತ್ತಿ ಹಚ್ಚಿ ಬಂದ ಮೇಲೆ ಅವನು ತಾಯಿಗೆ ಫೋನು ಮಾಡಿದ. ಅಂಗಳ ನಿಶ್ಶಬ್ದವಾಗಿದ್ದುದರಿಂದ ಅತ್ತಲಿನ ಮಾತು ನನಗೂ ಕೇಳುತ್ತಿತ್ತು.

"ಪ್ಲಗ್ ಎಷ್ಟ್ ಸಲ ಬಿಚ್ಚಿದ್ರಿ?"

"ಎರಡೇ ಸಲ ಅಮ್ಮ."

"ನಿಮ್ಮಪ್ಪನೂ ಕುಣಿಗಲ್ ಹತ್ರ ಒಂದ್ಸಲ ಬಿಚ್ಲೇಬೇಕಿತ್ತು. ಫೋನ್ ಇಡ್ಬೇಡ. ಸ್ವಲ್ಪ ಗಾಡಿ ಸ್ಟಾರ್ಟ್ ಮಾಡು, ಕೇಳ್ತೀನಿ."

ಫೋನನ್ನು ನನ್ನ ಕೈಗಿತ್ತು ಅವನು ಸನ್ನೆಯನ್ನು ಮೇಲಕ್ಕೆ ತಿರುವಿದ. ಮೂರನೆಯ ಒದೆತಕ್ಕೆ ಎಂಜಿನ್ ಹತ್ತಿತು. ನಾನು ಬಗ್ಗಿ ಫೋನನ್ನು ಸೈಲೆನ್ಸರಿನ ಬಳಿ ಹಿಡಿದೆ.