ಒಂದು ಲಕ್ಷ ನಲವತ್ತನಾಲ್ಕು ಸಾವಿರ



ನವೆಂಬರ್ 1ರ ಸಕಲ ಸಂತರ ಮಹೋತ್ಸವದ ಬಲಿಪೂಜೆಯಲ್ಲಿ ನಾವು ಆಲಿಸುವ ಮೊದಲ ವಾಚನ ಪ್ರಕಟನಾ ಗ್ರಂಥದ ಏಳನೆಯ ಅಧ್ಯಾಯದ್ದು. ಹಣೆಯ ಮೇಲೆ ದೇವರ ಮುದ್ರೆ ಪಡೆದವರ ಸಂಖ್ಯೆ 1,44,000 ಎಂದು ಅಲ್ಲಿ ಬರುತ್ತದೆ. ಮರುದಿನ ಹೂವು, ಮೇಣದಬತ್ತಿ ಹಿಡಿದು ಸಮಾಧಿಗಳ ಬಳಿಗೆ ಹೋಗುವ ನಮಗೆ ಈ ಲೆಕ್ಕ ಕೇಳಿ ಎದೆ ಝಲ್ಲೆನ್ನುವುದು ಸಹಜ. ಸ್ವರ್ಗದಲ್ಲಿ ಇರುವುದು ಇಷ್ಟೇ ಜಾಗವೇ? ತೀರಿಹೋದ ನಮ್ಮ ಅಪ್ಪ, ಅಮ್ಮ ಈ ಲೆಕ್ಕದೊಳಗೆ ಇದ್ದಾರೆಯೇ? ಈ ಸಂಖ್ಯೆಯನ್ನು ಅಕ್ಷರಶಃ ಬೋಧಿಸುವವರೂ ಇದ್ದಾರೆ. ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಹನ್ನೆರಡನ್ನು ಹನ್ನೆರಡರಿಂದ ಗುಣಿಸಿದರೆ 144. ಅದನ್ನು ಸಾವಿರದಿಂದ ಗುಣಿಸಿದರೆ 1,44,000. ಇಸ್ರಯೇಲಿನ ಹನ್ನೆರಡು ಕುಲಗಳು, ಪ್ರತಿಯೊಂದಕ್ಕೂ ಸರಿಯಾಗಿ 12,000. ನಿಜವಾದ ಗಣತಿ ಹೀಗೆ ಬರುವುದಿಲ್ಲ. ಸಂಖ್ಯಾಕಾಂಡದ ಮೊದಲ ಅಧ್ಯಾಯದಲ್ಲಿ ಯೂದ ಕುಲದ ಗಂಡಸರು 74,600, ಮನಸ್ಸೆ ಕುಲದವರು 32,200. ಯೊವಾನ್ನರ ಪಟ್ಟಿಯಲ್ಲಾದರೋ ಎಲ್ಲರೂ ಸಮ. (ಬಲಿಪೂಜೆಯಲ್ಲಿ ಈ ಪಟ್ಟಿಯನ್ನು ಬಿಟ್ಟು ಓದುತ್ತೇವೆ, ಮನೆಯಲ್ಲಿ ಬೈಬಲ್ ತೆರೆದು ನೋಡಿ, ದಾನನ ಕುಲವೇ ಅದರಲ್ಲಿಲ್ಲ.) ಇದೇ ಗ್ರಂಥದ 21ನೆಯ ಅಧ್ಯಾಯದ ಹೊಸ ಜೆರುಸಲೇಮಿಗೂ ಹನ್ನೆರಡು ಬಾಗಿಲುಗಳು, ಹನ್ನೆರಡು ಪ್ರೇಷಿತರ ಹೆಸರುಳ್ಳ ಹನ್ನೆರಡು ಅಸ್ತಿವಾರಗಳು, 144 ಮೊಳದ ಗೋಡೆ. ಹಳೆಯ ಒಡಂಬಡಿಕೆಯ ಹನ್ನೆರಡು, ಹೊಸದರ ಹನ್ನೆರಡು, ಎಣಿಸಿ ಮುಗಿಸಲಾರೆವು ಎನ್ನುವಂಥ ಸಾವಿರ: ದೇವಜನರೆಲ್ಲರೂ ಎಂಬ ಅರ್ಥಕ್ಕೆ ಈ ಸಂಖ್ಯೆ.

ಗಣಿತ ಬಲ್ಲ ಮಕ್ಕಳಿಗೆ ಇಲ್ಲಿ ಇನ್ನೂ ಸೋಜಿಗಗಳಿವೆ. 1, 1, 2, 3, 5, 8 ಎಂದು ಹಿಂದಿನ ಎರಡನ್ನು ಕೂಡಿಸುತ್ತ ಹೋಗುವ ಫಿಬೊನಾಚ್ಚಿ ಶ್ರೇಣಿಯ ಹನ್ನೆರಡನೆಯ ಸಂಖ್ಯೆ 144, ಅಂದರೆ ಹನ್ನೆರಡರ ವರ್ಗ. ಒಂದನ್ನು ಬಿಟ್ಟರೆ ಆ ಶ್ರೇಣಿಯಲ್ಲಿ ಬೇರೆ ವರ್ಗಸಂಖ್ಯೆಯೇ ಇಲ್ಲವೆಂದು 1964ರಲ್ಲಿ ಸಿದ್ಧವಾಯಿತು. 1,44,000ವನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 96. ಒಂದರಿಂದ ಹತ್ತರವರೆಗೆ ಭಾಗಿಸದೆ ಉಳಿಯುವುದು ಏಳು ಮಾತ್ರ. ಏಳು ಧರ್ಮಸಭೆಗಳು, ಏಳು ಮುದ್ರೆಗಳು, ಏಳು ತುತೂರಿಗಳು ಎಂದು ಯೊವಾನ್ನರು ಅಷ್ಟು ಮೆಚ್ಚಿದ ಏಳೇ!

ಮತ್ತೊಂದು ಲೆಕ್ಕ. ಸೆಕೆಂಡಿಗೊಂದರಂತೆ ಹೆಸರು ಕರೆದರೆ 1,44,000 ಹೆಸರುಗಳಿಗೆ ಸರಿಯಾಗಿ ನಲವತ್ತು ಗಂಟೆ ಬೇಕು. ಪರಮಪ್ರಸಾದದ ನಲವತ್ತು ಗಂಟೆಗಳ ಆರಾಧನೆಯಷ್ಟೇ ಹೊತ್ತು. ಇದು ಕಾಕತಾಳೀಯ, ಯೊವಾನ್ನರ ತಲೆಯಲ್ಲಿ ಸೆಕೆಂಡುಗಳಿರಲಿಲ್ಲ.

ಇನ್ನು ವಾಚನಕ್ಕೆ ಮರಳೋಣ. ಯೊವಾನ್ನರು ಆ ಸಂಖ್ಯೆಯನ್ನು ಕಿವಿಯಿಂದ ಕೇಳುತ್ತಾರೆ, ಅಷ್ಟೆ. ಕಣ್ಣೆತ್ತಿ ನೋಡಿದಾಗ ಕಾಣುವುದು ಎಲ್ಲ ಜನಾಂಗ, ಕುಲ, ಭಾಷೆಗಳಿಂದ ಬಂದು ನಿಂತ, ಯಾರೂ ಎಣಿಸಲಾಗದ ಜನಸಮೂಹ. ಐದನೆಯ ಅಧ್ಯಾಯದಲ್ಲೂ ಹೀಗೆಯೇ: ಕೇಳಿದ್ದು ಯೂದ ಕುಲದ ಸಿಂಹವೆಂದು, ಕಂಡದ್ದು ಯಜ್ಞದ ಕುರಿಮರಿ, ಎರಡೂ ಒಬ್ಬರೇ. ಲೆಕ್ಕದೊಳಗಿನ ಜನರೂ ಲೆಕ್ಕವಿಲ್ಲದ ಜನರೂ ಒಂದೇ ಎಂದು ಅನೇಕ ಬೈಬಲ್ ಪಂಡಿತರು ಓದುವುದು ಇದರಿಂದಲೇ. ನಮಗೂ ಅದೇ ಸರಿ ಎನಿಸುತ್ತದೆ. ಆಗ ಒಬ್ಬ ಹಿರಿಯ ಯೊವಾನ್ನರನ್ನು ಪ್ರಶ್ನಿಸುತ್ತಾನೆ. ಎಷ್ಟು ಮಂದಿ ಎಂದಲ್ಲ. ಬಿಳಿಯ ನಿಲುವಂಗಿ ತೊಟ್ಟ ಇವರು ಯಾರು, ಎಲ್ಲಿಂದ ಬಂದರು ಎಂದು.